ರೇಸಿಂಗ್ ವೀಲ್

ರೇಸಿಂಗ್ ವೀಲ್ ಎಂಬುದು ವಾಹನ ಓಡಿಸುವ ವಿಡಿಯೊ ಆಟಗಳಿಗಾಗಿ ಕಂಪ್ಯೂಟರಿಗೆ ಅಥವಾ ಗೇಮ್ ಕನ್ಸೋಲಿಗೆ ಜೋಡಿಸುವ, ಮೋಟಾರು ವಾಹನದ ಸ್ಟೀರಿಂಗ್ ರೂಪದಲ್ಲಿರುವ ನಿಯಂತ್ರಣ ಸಾಧನ. ಇದರೊಂದಿಗೆ ಕಾಲಿನಿಂದ ಒತ್ತುವ ಪೆಡಲುಗಳು ಬರುತ್ತವೆ; ಕೆಲವು ಮಾದರಿಗಳಲ್ಲಿ ಗೇರ್ ಬದಲಿಸುವ ಶಿಫ್ಟರ್ ಕೂಡ ಇರುತ್ತದೆ. ಅಂಗಡಿಗಳಲ್ಲಿ ಇದನ್ನು ಗೇಮಿಂಗ್ ವೀಲ್, ಗೇಮ್ ಸ್ಟೀರಿಂಗ್ ಎಂದೂ ಕರೆಯುವುದುಂಟು. ಈ ಲೇಖನದಲ್ಲಿ ಕೈಯಿಂದ ಹಿಡಿಯುವ ಭಾಗಕ್ಕೆ ರಿಮ್, ಅದರ ಹಿಂದೆ ಮೋಟಾರು ಮತ್ತು ಸರ್ಕ್ಯೂಟು ಅಡಗಿರುವ ಪೆಟ್ಟಿಗೆಗೆ ಬೇಸ್, ಮೋಟಾರು ಚಾಲಕನ ಕೈಗೆ ಕೊಡುವ ಎದುರುಬಲಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಎಂಬ ಹೆಸರುಗಳನ್ನು ಬಳಸಿದೆ.

ಕರ್ನಾಟಕದಲ್ಲಿ ಈ ಸಾಧನದ ಮಾರಾಟ, ಬಿಡಿಭಾಗ ಮತ್ತು ದುರಸ್ತಿಗೆ ಬೇಕಾದ ಸಾಮಗ್ರಿಗಳೆಲ್ಲ ಹತ್ತಿರ ಹತ್ತಿರದಲ್ಲೇ ಸಿಗುವ ಜಾಗ ಬೆಂಗಳೂರಿನ ಹಳೆಯ ಪೇಟೆ. ಚಿಕ್ಕಪೇಟೆಯ ಆಸುಪಾಸಿನಲ್ಲಿ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳು, ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳು, ಜೆ.ಸಿ. ರಸ್ತೆಯ ಮೋಟಾರು ಬಿಡಿಭಾಗದ ಅಂಗಡಿಗಳು ನಡೆದು ಹೋಗುವಷ್ಟು ದೂರದಲ್ಲಿವೆ. ಆದ್ದರಿಂದ ವೀಲ್ ಆರಿಸುವ ಬಗೆಯನ್ನು ಇಲ್ಲಿ ಆ ಮಾರುಕಟ್ಟೆಯನ್ನೂ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮನೆಗಳನ್ನೂ ಗಮನದಲ್ಲಿಟ್ಟು ವಿವರಿಸಲಾಗಿದೆ.

ಉಗಮ ಮತ್ತು ಬೆಳವಣಿಗೆ

ಆಟಕ್ಕೆಂದು ಸ್ಟೀರಿಂಗ್ ಬಳಸುವ ಕ್ರಮ ವಿಡಿಯೊ ಆಟಕ್ಕಿಂತ ಹಳೆಯದು. 1960ರ ದಶಕದ ಕೊನೆಗೆ ಜಪಾನ್ ಮತ್ತು ಅಮೆರಿಕದ ಆಟದ ಮಳಿಗೆಗಳಲ್ಲಿ ಬೆಳಕು, ಕನ್ನಡಿ, ಸುತ್ತುವ ತಟ್ಟೆಗಳಿಂದ ರಸ್ತೆಯ ಚಿತ್ರ ಮೂಡಿಸುವ ಯಂತ್ರಗಳಿದ್ದವು. ಅವುಗಳಿಗೆ ಸ್ಟೀರಿಂಗ್ ಇತ್ತು. 1974ರಲ್ಲಿ ಅಟಾರಿ ಕಂಪನಿ ಹೊರತಂದ ಗ್ರ್ಯಾನ್ ಟ್ರ್ಯಾಕ್ 10 ಆಟದ ಪೆಟ್ಟಿಗೆಯಲ್ಲಿ ಸ್ಟೀರಿಂಗ್, ಎರಡು ಪೆಡಲು, ನಾಲ್ಕು ಸ್ಥಾನದ ಗೇರ್ ಲಿವರ್ ಮೂರೂ ಇದ್ದವು. ಇಂದಿನ ವೀಲ್ ಸೆಟ್ಟಿನ ರೂಪರೇಖೆ ಅಲ್ಲಿಗೇ ಸಿದ್ಧವಾಗಿತ್ತು ಎನ್ನಬಹುದು. 1977ರಲ್ಲಿ ಅದೇ ಕಂಪನಿ ಮನೆಯ ಕನ್ಸೋಲಿಗೆ ಇಂಡಿ 500 ಆಟದೊಂದಿಗೆ ಎಷ್ಟು ಸುತ್ತಾದರೂ ತಿರುಗುವ ಗುಂಡಿಯ ನಿಯಂತ್ರಕವನ್ನು ಕೊಟ್ಟಿತು.

ಕೈಗೆ ಎದುರುಬಲ ಕೊಡುವ ಸ್ಟೀರಿಂಗ್ ಆಟದ ಮಳಿಗೆಯಲ್ಲಿ ಹೆಸರು ಮಾಡಿದ್ದು 1989ರ ಹಾರ್ಡ್ ಡ್ರೈವಿನ್ ಆಟದಿಂದ. ಅದರಲ್ಲಿ ಕ್ಲಚ್ ಪೆಡಲೂ ಇಗ್ನಿಷನ್ ಕೀಲಿಯೂ ಇದ್ದವು. ಮನೆಯ ಕಂಪ್ಯೂಟರಿಗೆ ಆ ಸೌಲಭ್ಯ ಬರಲು ಸುಮಾರು ಒಂದು ದಶಕ ಬೇಕಾಯಿತು. 1997ರ ಡೈರೆಕ್ಟ್‌ಎಕ್ಸ್ 5 ತಂತ್ರಾಂಶ ಫೋರ್ಸ್ ಫೀಡ್‌ಬ್ಯಾಕ್ ಸಂಕೇತಗಳನ್ನು ಸಾಧನಕ್ಕೆ ಕಳುಹಿಸಲು ಒಂದು ಸಾಮಾನ್ಯ ದಾರಿ ಮಾಡಿಕೊಟ್ಟ ಮೇಲೆ, 1998ರಲ್ಲಿ ಮೈಕ್ರೊಸಾಫ್ಟ್ ಸೈಡ್‌ವಿಂಡರ್ ಫೋರ್ಸ್ ಫೀಡ್‌ಬ್ಯಾಕ್ ವೀಲ್ ಹೊರಬಂತು. ಲಾಜಿಟೆಕ್ ಕಂಪನಿಯ ಡ್ರೈವಿಂಗ್ ಫೋರ್ಸ್ ಪ್ರೊ, ಗ್ರ್ಯಾನ್ ಟುರಿಸ್ಮೊ 4 ಆಟದ ಕಾಲಕ್ಕೆ, 900 ಡಿಗ್ರಿ ಅಂದರೆ ಎರಡೂವರೆ ಸುತ್ತು ತಿರುಗುವ ವೀಲನ್ನು ಮನೆಗೆ ತಂದಿತು. 2006ರ ಜಿ25 ಮಾದರಿಯಲ್ಲಿ ಎರಡು ಮೋಟಾರು, ಚರ್ಮದ ಹೊದಿಕೆಯ ರಿಮ್, ಕ್ಲಚ್ ಸೇರಿ ಮೂರು ಪೆಡಲು, ಪ್ರತ್ಯೇಕ ಗೇರ್ ಶಿಫ್ಟರ್ ಇದ್ದವು. ಅದರ ವಂಶದ ಜಿ27, 2015ರ ಜಿ29 ಮತ್ತು ಜಿ920, 2020ರ ಜಿ923 ಮಾದರಿಗಳು ಭಾರತದಲ್ಲೂ ಹೆಚ್ಚು ಪರಿಚಿತ.

2014ರಲ್ಲಿ ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿ300 ಬೆಲ್ಟ್ ಚಾಲಿತ ವೀಲನ್ನು ಮಧ್ಯಮ ಬೆಲೆಗೆ ತಂದಿತು. ಮೋಟಾರಿನ ದಂಡಕ್ಕೇ ರಿಮ್ ಕೂರಿಸುವ ಡೈರೆಕ್ಟ್ ಡ್ರೈವ್ ಬಗೆ ಮೊದಲು ವೃತ್ತಿಪರ ಸಿಮ್ಯುಲೇಟರುಗಳಿಗೆ ಸೀಮಿತವಾಗಿತ್ತು. 2021ರಲ್ಲಿ ಜರ್ಮನಿಯ ಫನಾಟೆಕ್ ತಂದ ಸಿಎಸ್‌ಎಲ್ ಡಿಡಿ, ಅದರ ಬೆನ್ನಿಗೇ ಚೀನಾದ ಮೋಜಾ ಕಂಪನಿ ತಂದ ಆರ್9, ಆರ್5 ಮಾದರಿಗಳಿಂದ ಆ ಬಗೆ ಮನೆಬಳಕೆಯ ಸಾಧನವಾಯಿತು.

ರಚನೆ

ವೀಲಿನ ಕೆಲಸ ಎರಡು ದಿಕ್ಕಿನದು. ಚಾಲಕ ರಿಮ್ ತಿರುಗಿಸಿದಷ್ಟೂ ಕೋನವನ್ನು ಬೇಸಿನಲ್ಲಿರುವ ಸೆನ್ಸರ್ ಅಳೆದು ಯುಎಸ್‌ಬಿ ತಂತಿಯ ಮೂಲಕ ಆಟಕ್ಕೆ ತಿಳಿಸುತ್ತದೆ. ಆಟ ತನ್ನ ಭೌತಶಾಸ್ತ್ರದ ಲೆಕ್ಕದಿಂದ ಮುಂದಿನ ಟೈರುಗಳ ಮೇಲೆ ಬೀಳುವ ಬಲವನ್ನು ಕಂಡುಹಿಡಿದು, ಸ್ಟೀರಿಂಗ್ ಎಷ್ಟು ಬಿಗಿಯಾಗಬೇಕು, ಯಾವ ಕಡೆಗೆ ಎಳೆಯಬೇಕು ಎಂಬುದನ್ನು ಸೆಕೆಂಡಿಗೆ ಹತ್ತಾರು, ಕೆಲವು ಆಟಗಳಲ್ಲಿ ನೂರಾರು ಸಲ ಬೇಸಿಗೆ ಮರಳಿ ಕಳುಹಿಸುತ್ತದೆ. ಮೋಟಾರು ಅದನ್ನು ಕೈಗೆ ಮುಟ್ಟಿಸುತ್ತದೆ.

ಈ ಮರಳಿ ಬರುವ ಸಂಕೇತದಲ್ಲೇ ಸಾಧನದ ಸಾರವಿದೆ. ಕಾರು ತಿರುವಿನಲ್ಲಿರುವಾಗ ಮುಂದಿನ ಟೈರು ನೆಲಕ್ಕೆ ತಾಗಿರುವ ಭಾಗದ ನಡುವಿಗಿಂತ ಸ್ವಲ್ಪ ಹಿಂದೆ ಅಡ್ಡಬಲ ಬೀಳುತ್ತದೆ; ಆ ಬಲ ಚಕ್ರವನ್ನು ನೇರಕ್ಕೆ ತರಲು ಯತ್ನಿಸುತ್ತದೆ. ವೇಗ ಏರಿದಂತೆ ಸ್ಟೀರಿಂಗ್ ಭಾರವಾಗುವುದು ಇದರಿಂದಲೇ. ಆದರೆ ಟೈರಿನ ಹಿಡಿತ ಮುಗಿಯುತ್ತ ಬಂದಾಗ ಅಡ್ಡಬಲ ಬೀಳುವ ಜಾಗ ನಡುವಿನ ಕಡೆಗೆ ಸರಿಯುತ್ತದೆ, ಹಾಗಾಗಿ ಟೈರು ಜಾರುವುದಕ್ಕೆ ಒಂದು ಕ್ಷಣ ಮೊದಲು ಸ್ಟೀರಿಂಗ್ ಹಗುರವಾಗುತ್ತದೆ. ನುರಿತ ಚಾಲಕ ಈ ಹಗುರವನ್ನು ಕೈಯಲ್ಲೇ ಓದಿ ಆಕ್ಸಿಲರೇಟರ್ ಸಡಿಲಿಸುತ್ತಾನೆ. ಕೇವಲ ಗುರುಗುಟ್ಟುವ ವೀಲಿನಲ್ಲಿ ಈ ಸೂಚನೆ ಸಿಗುವುದಿಲ್ಲ. ಅಲ್ಲಿ ಕಾರು ಜಾರಿದ್ದು ತಿಳಿಯುವುದು ಪರದೆಯ ಮೇಲೆ, ತಡವಾಗಿ.

ಎದುರುಬಲದ ಪ್ರಮಾಣವನ್ನು ನ್ಯೂಟನ್-ಮೀಟರ್ ಎಂಬ ಟಾರ್ಕ್ ಮಾನದಲ್ಲಿ ಹೇಳುತ್ತಾರೆ. 28 ಸೆಂ.ಮೀ. ಅಡ್ಡಗಲದ ರಿಮ್ ಮೇಲೆ 2.2 ನ್ಯೂಟನ್-ಮೀಟರ್ ಟಾರ್ಕ್ ಇದ್ದರೆ ಅಂಚಿನಲ್ಲಿ ಕೈಗೆ ಸುಮಾರು 1.6 ಕೆ.ಜಿ. ತೂಕದಷ್ಟು ಎಳೆತ ಸಿಗುತ್ತದೆ. 8 ನ್ಯೂಟನ್-ಮೀಟರಿಗೆ ಅದು 5.8 ಕೆ.ಜಿ., 20ಕ್ಕೆ ಹೆಚ್ಚುಕಡಿಮೆ 14.6 ಕೆ.ಜಿ. ಮೋಟಾರಿನ ಶಕ್ತಿಗಿಂತ ಹೆಚ್ಚಿನ ಬಲವನ್ನು ಆಟ ಕೇಳಿದಾಗ ಸಂಕೇತದ ತುದಿ ಕತ್ತರಿಸಿಹೋಗುತ್ತದೆ. ಇದನ್ನು ಕ್ಲಿಪಿಂಗ್ ಎನ್ನುತ್ತಾರೆ. ಆಗ ಜೋರಾದ ತಿರುವೂ ಅದಕ್ಕಿಂತ ಜೋರಾದ ತಿರುವೂ ಕೈಗೆ ಒಂದೇ ಸಮ. ಚಿಕ್ಕ ಮೋಟಾರಿನ ವೀಲಿನಲ್ಲಿ ಆಟದ ಬಲದ ಮಟ್ಟವನ್ನು ತಗ್ಗಿಸಿಕೊಂಡರೆ ಕ್ಲಿಪಿಂಗ್ ಕಡಿಮೆಯಾಗಿ, ಎಳೆತ ಸೌಮ್ಯವಾದರೂ ವಿವರ ಉಳಿಯುತ್ತದೆ.

ಪೆಡಲುಗಳಲ್ಲಿ ಎರಡು ಬಗೆಯ ಅಳತೆಯಿದೆ. ಸಾಮಾನ್ಯ ಪೆಡಲು ಎಷ್ಟು ದೂರ ಒತ್ತಲಾಗಿದೆ ಎಂಬುದನ್ನು ಪೊಟೆನ್ಶಿಯೋಮೀಟರ್ ಅಥವಾ ಕಾಂತಕ್ಷೇತ್ರವನ್ನು ಗುರುತಿಸುವ ಹಾಲ್ ಸೆನ್ಸರಿನಿಂದ ಅಳೆಯುತ್ತದೆ. ಲೋಡ್ ಸೆಲ್ ಇರುವ ಬ್ರೇಕ್ ಪೆಡಲು ದೂರವನ್ನಲ್ಲ, ಒತ್ತಿದ ಬಲವನ್ನು ಅಳೆಯುತ್ತದೆ. ಅಂಗಡಿಯ ತಕ್ಕಡಿಯೊಳಗೆ ಇರುವುದೂ ಇದೇ ಲೋಡ್ ಸೆಲ್.

ಬಗೆಗಳು

ಎದುರುಬಲ ಕೊಡುವ ವಿಧಾನದ ಮೇಲೆ ವೀಲುಗಳನ್ನು ವಿಂಗಡಿಸುವುದು ರೂಢಿ.

ಕಂಪನದ ವೀಲುಗಳಲ್ಲಿ ರಿಮ್ ತಿರುಗಿಸುವ ಮೋಟಾರು ಇರುವುದಿಲ್ಲ. ಸ್ಪ್ರಿಂಗ್ ಅಥವಾ ರಬ್ಬರ್ ಹುರಿ ರಿಮ್ಮನ್ನು ನಡುವಿಗೆ ತರುತ್ತದೆ. ಡಿಕ್ಕಿಯಾದಾಗ ಒಳಗಿನ ಸಣ್ಣ ಮೋಟಾರು ನಡುಗಿಸುತ್ತದೆ. ಪಿಎಕ್ಸ್‌ಎನ್ ವಿ3 ಪ್ರೊ, ವಿ9, ಹೋರಿ ಅಪೆಕ್ಸ್ ಈ ವರ್ಗದವು. ಮಾರಾಟದ ಪೆಟ್ಟಿಗೆಯ ಮೇಲೆ ವೈಬ್ರೇಷನ್ ಫೀಡ್‌ಬ್ಯಾಕ್ ಎಂದಿದ್ದರೆ ಅದು ಫೋರ್ಸ್ ಫೀಡ್‌ಬ್ಯಾಕ್ ಅಲ್ಲ. ಇವೆರಡನ್ನು ಒಂದೇ ಎಂದುಕೊಂಡು ಕೊಳ್ಳುವುದೇ ಈ ಸಾಧನದ ವಿಷಯದಲ್ಲಿ ಅತಿ ಹೆಚ್ಚು ಆಗುವ ತಪ್ಪು.

ಗೇರ್ ಚಾಲಿತ ವೀಲಿನಲ್ಲಿ ಸಣ್ಣ ಮೋಟಾರುಗಳ ಬಲವನ್ನು ಹಲ್ಲುಚಕ್ರಗಳು ಹೆಚ್ಚಿಸಿ ರಿಮ್ಮಿಗೆ ಕೊಡುತ್ತವೆ. ಜಿ29 ಇದರ ಪ್ರಮುಖ ಉದಾಹರಣೆ. ಹಲ್ಲುಗಳ ನಡುವಿನ ಸಡಿಲಿನಿಂದ ರಿಮ್ ನೇರವಿದ್ದಾಗ ಸ್ವಲ್ಪ ಆಡುತ್ತದೆ, ಒರಟು ರಸ್ತೆಯಲ್ಲಿ ಗಡಗಡ ಸದ್ದು ಬರುತ್ತದೆ. ಗಟ್ಟಿಮುಟ್ಟು ಎಂಬುದು ಇದರ ಗುಣ. ಬೆಲ್ಟ್ ಚಾಲಿತ ವೀಲು ಸದ್ದಿಲ್ಲದೆ ನಯವಾಗಿ ತಿರುಗುತ್ತದೆ, ಆದರೆ ಬೆಲ್ಟ್ ಸಣ್ಣ ಸಣ್ಣ ಅಲುಗಾಟಗಳನ್ನು ತಾನೇ ನುಂಗುತ್ತದೆ. ಬೆಲ್ಟು, ಗೇರು ಎರಡನ್ನೂ ಬಳಸುವ ಟಿ150, ಟಿ248ರಂಥ ಮಿಶ್ರ ಮಾದರಿಗಳೂ ಇವೆ.

ಡೈರೆಕ್ಟ್ ಡ್ರೈವ್ ವೀಲಿನಲ್ಲಿ ಮೋಟಾರಿಗೂ ರಿಮ್ಮಿಗೂ ನಡುವೆ ಏನೂ ಇಲ್ಲ. ಮೋಜಾ ಆರ್3 3.9, ಆರ್5 5.5, ಸಿಎಸ್‌ಎಲ್ ಡಿಡಿ 5 ಅಥವಾ ಹೆಚ್ಚು ಶಕ್ತಿಯ ಅಡಾಪ್ಟರಿನೊಂದಿಗೆ 8, ಲಾಜಿಟೆಕ್ ಜಿ ಪ್ರೊ 11, ಫನಾಟೆಕ್ ಪೋಡಿಯಂ ಡಿಡಿ1 20 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತವೆ. ಇವುಗಳಲ್ಲಿ ಸಾಮಾನ್ಯವಾಗಿ ಬೇಸ್, ರಿಮ್, ಪೆಡಲುಗಳನ್ನು ಬೇರೆ ಬೇರೆಯಾಗಿ ಕೊಳ್ಳಬಹುದು, ಒಂದನ್ನು ಬದಲಿಸಿ ಉಳಿದವನ್ನು ಇಟ್ಟುಕೊಳ್ಳಬಹುದು.

ಆಯ್ಕೆಯಲ್ಲಿ ಗಮನಿಸುವ ಅಂಶಗಳು

ಮೊದಲ ಪ್ರಶ್ನೆ ಯಂತ್ರದ್ದು. ಕಂಪ್ಯೂಟರಿಗೆ ಬಹುತೇಕ ಎಲ್ಲ ವೀಲುಗಳೂ ಹೊಂದುತ್ತವೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳು ಮಾತ್ರ ತಮ್ಮ ಪರವಾನಗಿಯಿರುವ ಸಾಧನವನ್ನಷ್ಟೇ ಒಪ್ಪುತ್ತವೆ. ಜಿ29 ಪ್ಲೇಸ್ಟೇಷನ್ನಿಗೆ, ನೋಟಕ್ಕೆ ಅದರ ಅವಳಿಯಂತಿರುವ ಜಿ920 ಎಕ್ಸ್‌ಬಾಕ್ಸ್‌ಗೆ. ಒಂದರ ಬದಲು ಇನ್ನೊಂದು ಕೊಂಡರೆ ಕನ್ಸೋಲಿನಲ್ಲಿ ಕೆಲಸಕ್ಕೆ ಬಾರದು. ಫನಾಟೆಕ್ ವೀಲುಗಳಲ್ಲಿ ಪ್ಲೇಸ್ಟೇಷನ್ ಒಪ್ಪಿಗೆ ಬೇಸಿನಲ್ಲೂ ಎಕ್ಸ್‌ಬಾಕ್ಸ್ ಒಪ್ಪಿಗೆ ರಿಮ್ಮಿನಲ್ಲೂ ಅಡಗಿರುತ್ತದೆ, ಆದ್ದರಿಂದ ಬಿಡಿಯಾಗಿ ಕೊಳ್ಳುವವರು ಎರಡನ್ನೂ ನೋಡಬೇಕು.

ಎರಡನೆಯದು ಆಡುವ ಆಟ. ಫಾರ್ಮುಲಾ ಒನ್ ಕಾರಿಗೆ ಒಂದು ಸುತ್ತು, ಅಂದರೆ 360 ಡಿಗ್ರಿಯಷ್ಟು ತಿರುವು ಸಾಕು. ಜಿಟಿ ರೇಸಿನ ಕಾರಿಗೆ ಒಂದೂವರೆ ಸುತ್ತಿನ ಆಸುಪಾಸು. ರಸ್ತೆಯ ಕಾರಿಗೆ 900 ಡಿಗ್ರಿ ಬೇಕು. ಲಾರಿ, ಬಸ್ಸಿಗೆ ಅದಕ್ಕೂ ಹೆಚ್ಚು. 2012ರ ಯೂರೊ ಟ್ರಕ್ ಸಿಮ್ಯುಲೇಟರ್ 2 ಆಡುವವರು ಕರ್ನಾಟಕದಲ್ಲಿ ಬಹಳ. ಅದರೊಳಗೆ ಕೆಎಸ್‌ಆರ್‌ಟಿಸಿ ಬಸ್ಸುಗಳ ಬಣ್ಣ, ಬರಹಗಳನ್ನು ಅಭಿಮಾನಿಗಳೇ ರಚಿಸಿ ಸೇರಿಸಿಕೊಳ್ಳುವುದುಂಟು. ಅಂಥ ಆಟಕ್ಕೆ 180 ಅಥವಾ 270 ಡಿಗ್ರಿಯ ವೀಲು ಸಾಲದು. ಘಟ್ಟದ ಹಿಮ್ಮುರಿ ತಿರುವಿನಲ್ಲಿ ಬಸ್ಸು ಹೊರಳಿಸುವ ಅನುಭವ ಸಿಗಬೇಕಾದರೆ ಕೈ ಮೇಲೆ ಕೈ ಹಾಕಿ ಸುತ್ತುವಷ್ಟು ತಿರುವು ಇರಲೇಬೇಕು. ಇಲ್ಲಿ ಟಾರ್ಕಿಗಿಂತ ತಿರುವಿನ ಪ್ರಮಾಣಕ್ಕೇ ಬೆಲೆ.

ಮೂರನೆಯದು ಬ್ರೇಕ್. ಕೊಳ್ಳುವವರ ಕಣ್ಣು ರಿಮ್ಮಿನ ಮೇಲೆ ಇರುತ್ತದೆ, ಲ್ಯಾಪ್ ಸಮಯ ಮಾತ್ರ ಬ್ರೇಕ್ ಪೆಡಲಿನಲ್ಲಿ ಇಳಿಯುತ್ತದೆ. ಕಾಲು ದೂರವನ್ನು ಚೆನ್ನಾಗಿ ನೆನಪಿಡುವುದಿಲ್ಲ, ಒತ್ತಿದ ಬಲವನ್ನು ನೆನಪಿಡುತ್ತದೆ. ಆದ್ದರಿಂದ ಲೋಡ್ ಸೆಲ್ ಬ್ರೇಕಿನಲ್ಲಿ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಒಂದೇ ಅಳತೆಗೆ ಬ್ರೇಕ್ ಹಾಕುವುದು ಬೇಗ ರೂಢಿಯಾಗುತ್ತದೆ. ಹಣ ಮಿತವಾಗಿದ್ದರೆ ಸಾಧಾರಣ ಟಾರ್ಕಿನ ಬೇಸಿನ ಜೊತೆಗೆ ಒಳ್ಳೆಯ ಪೆಡಲು ಕೊಳ್ಳುವುದು, ದೊಡ್ಡ ಬೇಸಿನ ಜೊತೆಗೆ ಪ್ಲಾಸ್ಟಿಕ್ ಪೆಡಲು ಕೊಳ್ಳುವುದಕ್ಕಿಂತ ಮೇಲು.

ನಾಲ್ಕನೆಯದು ಗೇರ್ ಲಿವರಿನ ಜಾಗ. ಭಾರತದಲ್ಲಿ ಚಾಲಕ ಬಲಗಡೆ ಕೂರುವುದರಿಂದ ಗೇರ್ ಎಡಗೈಗೆ ಸೇರಿದ್ದು. ಆದರೆ ಆಟದ ಕೇಂದ್ರಗಳಲ್ಲೂ ಜಾಹೀರಾತಿನ ಚಿತ್ರಗಳಲ್ಲೂ ಶಿಫ್ಟರ್ ಬಲಕ್ಕೇ ಇರುತ್ತದೆ. ಪ್ರತ್ಯೇಕ ಪೆಟ್ಟಿಗೆಯಾಗಿ ಬರುವ ಶಿಫ್ಟರನ್ನು ಎಡಕ್ಕೂ ಬಿಗಿಯಬಹುದು. ತಂತಿಯ ಉದ್ದ ಸಾಕಾಗುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಮುಂದೆ ಕಾರು ಕಲಿಯಬೇಕೆಂದಿರುವ ಮಕ್ಕಳಿರುವ ಮನೆಯಲ್ಲಿ ಎಡಕ್ಕೆ ಬಿಗಿಯುವುದೇ ಸರಿ. ಇಲ್ಲವಾದರೆ ಕೈಗೆ ತಪ್ಪು ಅಭ್ಯಾಸ ಕೂರುತ್ತದೆ.

ಐದನೆಯದು, ಹಳೆಯ ಬೆಂಗಳೂರಿನಲ್ಲಿ ಹಲವು ಸಲ ಮೊದಲನೆಯದೇ ಆಗುವಂಥದ್ದು, ಜಾಗ. ಚಾಮರಾಜಪೇಟೆ 1892ರಲ್ಲಿ, ಬಸವನಗುಡಿ ಮತ್ತು ಮಲ್ಲೇಶ್ವರ 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಗಳು. ಅಲ್ಲಿನ ಹಳೆಯ ಮನೆಗಳು ಪಾಲಾಗಿ, ಮಹಡಿ ಮೇಲೆ ಮಹಡಿ ಏರಿ, ಒಂದೊಂದು ಕೋಣೆಯಲ್ಲಿ ಮಂಚ, ಬೀರು, ಓದುವ ಮೇಜು ಮೂರೂ ಒತ್ತಾಗಿ ನಿಂತಿರುತ್ತವೆ. ರೇಸಿಂಗ್ ಸೀಟು ಸಹಿತ ಕಾಕ್‌ಪಿಟ್ ಇಡಲು ಒಂದು ಮಂಚದಷ್ಟು ಜಾಗ ಬೇಕು. ಅಷ್ಟಿಲ್ಲದ ಕಡೆ ಮಡಚುವ ವೀಲ್ ಸ್ಟ್ಯಾಂಡ್ ಹೊಂದುತ್ತದೆ. ಆಟ ಮುಗಿದ ಮೇಲೆ ಮಡಚಿ ಬೀರುವಿನ ಪಕ್ಕಕ್ಕೋ ಅಟ್ಟಕ್ಕೋ ಸೇರಿಸಬಹುದು. ಮೇಜಿನ ಅಂಚಿಗೆ ಕ್ಲಾಂಪಿನಿಂದ ಬಿಗಿಯುವುದಾದರೆ ಹಲಗೆಯ ದಪ್ಪ, ಅಂಚಿನ ಕೆಳಗಿನ ಡ್ರಾಯರ್ ಎರಡನ್ನೂ ಅಳೆದು ನೋಡಬೇಕು. ತೆಳುವಾದ ಪಾರ್ಟಿಕಲ್ ಬೋರ್ಡಿನ ಕಂಪ್ಯೂಟರ್ ಮೇಜು ಜಿ29ರ ಎಳೆತ ತಡೆಯುತ್ತದೆ, 8 ನ್ಯೂಟನ್-ಮೀಟರಿನ ಡೈರೆಕ್ಟ್ ಡ್ರೈವಿಗೆ ಅಲುಗಾಡುತ್ತದೆ. ಗಾಲಿಯ ಕುರ್ಚಿ ಬ್ರೇಕ್ ಒತ್ತಿದಾಗ ಹಿಂದಕ್ಕೆ ಜಾರುತ್ತದೆ; ಪೆಡಲು ಮೊಸಾಯಿಕ್ ಅಥವಾ ರೆಡ್ ಆಕ್ಸೈಡ್ ನೆಲದ ಮೇಲೆ ಮುಂದಕ್ಕೆ ಓಡುತ್ತದೆ. ಪೆಡಲಿನ ತಟ್ಟೆಯನ್ನು ಗೋಡೆಗೆ ಒತ್ತರಿಸುವುದು, ಕುರ್ಚಿಯ ಕಾಲಿಗೂ ಪೆಡಲಿಗೂ ಪಟ್ಟಿ ಕಟ್ಟುವುದು ಇದಕ್ಕೆ ಇರುವ ಸುಲಭ ಉಪಾಯಗಳು. ಗೇರ್ ಚಾಲಿತ ವೀಲಿನ ಸದ್ದು, ಬ್ರೇಕ್ ಒದೆಯುವ ಸದ್ದು ಕೆಳಗಿನ ಮನೆಗೆ ಕೇಳಿಸುತ್ತದೆ ಎಂಬುದನ್ನೂ ಮಹಡಿಯಲ್ಲಿರುವವರು ಗಣಿಸಬೇಕು.

ವಿದ್ಯುತ್ತಿನ ವಿಷಯದಲ್ಲಿ ಅಮೆರಿಕದಿಂದ ನೆಂಟರು ತಂದುಕೊಟ್ಟ ವೀಲಿನ ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ಇಲ್ಲಿನ 230 ವೋಲ್ಟಿಗೆ ಸರಿಹೋಗುತ್ತದೆ, ಪ್ಲಗ್ ಮಾತ್ರ ಬದಲಾಗಬೇಕು. ಹೊರದೇಶದಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗುವುದು ಅಪರೂಪ. ಡೈರೆಕ್ಟ್ ಡ್ರೈವ್ ಬೇಸುಗಳ ಮೈ ಲೋಹದ್ದಾದ್ದರಿಂದ, ಹಳೆಯ ವೈರಿಂಗಿನ ಮನೆಗಳಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿಕೊಳ್ಳುವುದು ಅಗತ್ಯ. ಹೆಚ್ಚು ಟಾರ್ಕಿನ ಬೇಸು ಹೆಬ್ಬೆರಳು, ಮಣಿಕಟ್ಟುಗಳನ್ನು ತಿರುಚಬಲ್ಲದು. ಡಿಕ್ಕಿ ಖಚಿತವೆನಿಸಿದಾಗ ರಿಮ್ ಬಿಟ್ಟುಬಿಡುವುದನ್ನು ಮಕ್ಕಳಿಗೆ ಮೊದಲೇ ಕಲಿಸಬೇಕು.

ಪೇಟೆಯ ಮಾರುಕಟ್ಟೆ

ಎಸ್.ಪಿ. ರಸ್ತೆ ಬೆಂಗಳೂರಿನ ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ ಬಿಡಿಭಾಗಗಳ ಹಳೆಯ ಕೇಂದ್ರ. ಗ್ರಾಫಿಕ್ಸ್ ಕಾರ್ಡು, ಮಾನಿಟರುಗಳ ಜೊತೆಗೆ ವೀಲುಗಳೂ ಇಲ್ಲಿ ಮಾರಾಟಕ್ಕೆ ಸಿಗುತ್ತವೆ. ಇಕ್ಕಟ್ಟಾದ ಮಳಿಗೆಗಳಲ್ಲಿ ವೀಲಿನ ಪೆಟ್ಟಿಗೆಯನ್ನು ಮೇಲಿನ ಅಟ್ಟದಿಂದ ಇಳಿಸಿ ಗಲ್ಲೆಯ ಮೇಲೆ ತೆರೆದು ತೋರಿಸುತ್ತಾರೆ. ಆದರೆ ಮೇಜಿಗೆ ಬಿಗಿದು ಆಡಿಸಿ ತೋರಿಸುವ ಜಾಗ ವಿರಳ. ಕರೆಂಟಿಗೂ ಯುಎಸ್‌ಬಿಗೂ ಜೋಡಿಸಿದ ಕೂಡಲೇ ಗೇರ್ ಅಥವಾ ಬೆಲ್ಟ್ ಚಾಲಿತವಾದ ಹೆಚ್ಚಿನ ವೀಲುಗಳು ತಾವೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊನೆಯವರೆಗೆ ಸುತ್ತಿ ನಡುವಿಗೆ ಬಂದು ನಿಲ್ಲುತ್ತವೆ. ಅಂಗಡಿಯಲ್ಲಿ ಇಷ್ಟನ್ನಾದರೂ ಮಾಡಿಸಿ ನೋಡಬೇಕು. ಸುತ್ತುವಾಗ ಕಟಕಟ ಎಂದರೆ, ನಡುವಿಗೆ ಬಾರದೆ ಓರೆಯಾಗಿ ನಿಂತರೆ ಒಳಗೆ ದೋಷವಿದೆ ಎಂದರ್ಥ. ಹಳೆಯ ವೀಲ್ ಕೊಳ್ಳುವವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಜಿಎಸ್‌ಟಿ ಬಿಲ್ ಕೇಳಿ ಪಡೆಯಬೇಕು. ಬಿಲ್ ಇಲ್ಲದೆ ಕಂಪನಿಯ ವಾರಂಟಿ ಸಾಧಿಸುವುದು ಕಷ್ಟ.

ಎಸ್.ಜೆ.ಪಿ. ರಸ್ತೆಯಲ್ಲಿ ಬೋಲ್ಟು, ಕ್ಲಾಂಪು, ಉಪಕರಣಗಳು ದೊರೆಯುತ್ತವೆ. ಸ್ಟ್ಯಾಂಡನ್ನು ಚೌಕ ಕೊಳವೆಯಿಂದ ಬೆಸುಗೆ ಹಾಕಿಸಿಕೊಳ್ಳುವವರಿಗೂ ಅಲ್ಯೂಮಿನಿಯಂ ಪ್ರೊಫೈಲಿನಿಂದ ಜೋಡಿಸಿಕೊಳ್ಳುವವರಿಗೂ ಇದರಿಂದ ಅನುಕೂಲ. ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯದ ಕಡೆ ಕಾರಿನ ಸೀಟು, ಸೀಟ್ ಕವರು, ಸ್ಟೀರಿಂಗ್ ಹೊದಿಕೆಗಳ ವ್ಯಾಪಾರವಿದೆ. ಬಳಸಿದ ಕಾರಿನ ಸೀಟನ್ನು ಅದರ ಹಳಿ ಸಮೇತ ಕೊಂಡು ಕಾಕ್‌ಪಿಟ್ಟಿಗೆ ಕೂರಿಸಿದರೆ ಹೊಸ ರೇಸಿಂಗ್ ಸೀಟಿಗಿಂತ ಕಡಿಮೆ ಖರ್ಚು. ಹಳಿ ಇರುವುದರಿಂದ ಮನೆಯ ಎತ್ತರದವರೂ ಗಿಡ್ಡವರೂ ಹಿಂದೆ ಮುಂದೆ ಸರಿಸಿಕೊಳ್ಳಬಹುದು. 2017ರ ಜೂನ್‌ನಲ್ಲಿ ಮೆಟ್ರೊ ಹಸಿರು ಮಾರ್ಗದ ಚಿಕ್ಕಪೇಟೆ ಮತ್ತು ಕೆ.ಆರ್. ಮಾರ್ಕೆಟ್ ನಿಲ್ದಾಣಗಳು ತೆರೆದ ನಂತರ ವಾಹನ ನಿಲ್ಲಿಸಲು ಜಾಗವಿಲ್ಲದ ಈ ಬೀದಿಗಳಿಗೆ ಹೋಗಿಬರುವುದು ಸುಲಭವಾಗಿದೆ.

ದೋಷಗಳು ಮತ್ತು ದುರಸ್ತಿ

ಗೇರ್ ಚಾಲಿತ ವೀಲುಗಳ ಸಾಮಾನ್ಯ ತೊಂದರೆ ಪೆಡಲಿನಲ್ಲಿ ಬರುತ್ತದೆ. ಪೊಟೆನ್ಶಿಯೋಮೀಟರಿನ ಇಂಗಾಲದ ಪಟ್ಟಿಯ ಮೇಲೆ ದೂಳು ಕೂತಾಗ, ಕಾಲು ತೆಗೆದಿದ್ದರೂ ಆಟದಲ್ಲಿ ಆಕ್ಸಿಲರೇಟರ್ ಪಟ್ಟಿ ತಾನೇ ತಾನಾಗಿ ಕುಣಿಯುತ್ತದೆ. ರಸ್ತೆ ಅಗೆತದ ದೂಳು ಕಿಟಕಿಯಿಂದ ಒಳಬರುವ ಮನೆಗಳಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಪೆಡಲಿನ ತಳ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪೆಡಲನ್ನು ಹಲವು ಬಾರಿ ಪೂರ್ತಿ ಒತ್ತಿ ಬಿಟ್ಟರೆ ಬಹುತೇಕ ಸರಿಹೋಗುತ್ತದೆ. ಸವೆದಿದ್ದರೆ ಅದೇ ಅಳತೆಯ ಪೊಟೆನ್ಶಿಯೋಮೀಟರ್ ತಂದು ಬೆಸೆಯಬೇಕು. ಹಳೆಯದನ್ನು ಕೈಯಲ್ಲಿ ಹಿಡಿದು ಎಸ್.ಪಿ. ರಸ್ತೆಗೆ ಹೋಗುವುದು ಒಳ್ಳೆಯದು, ಏಕೆಂದರೆ ಓಮ್ ಅಳತೆ ಸರಿಯಿದ್ದರೂ ದಂಡದ ಉದ್ದ, ತುದಿಯ ಆಕಾರ ಬೇರೆಯಿದ್ದರೆ ಕೂರುವುದಿಲ್ಲ.

ಜಿ27ರ ಕಾಲದ ವೀಲುಗಳಲ್ಲಿ ಇನ್ನೊಂದು ದೋಷ ಪ್ರಸಿದ್ಧ. ಮೋಟಾರಿನ ದಂಡಕ್ಕೆ ಸಿಕ್ಕಿಸಿದ, ಸೀಳುಗಳಿರುವ ಪುಟ್ಟ ಪ್ಲಾಸ್ಟಿಕ್ ತಟ್ಟೆ ಬಿರುಕು ಬಿಟ್ಟು ದಂಡದ ಮೇಲೆ ಜಾರುತ್ತದೆ. ಆ ಸೀಳುಗಳ ಮೂಲಕ ಹಾಯುವ ಬೆಳಕನ್ನು ಎಣಿಸಿಯೇ ವೀಲು ತನ್ನ ಕೋನ ತಿಳಿಯುವುದರಿಂದ, ತಟ್ಟೆ ಜಾರಿದಷ್ಟೂ ಲೆಕ್ಕ ತಪ್ಪುತ್ತದೆ: ರಿಮ್ ನೇರವಿದ್ದರೂ ಕಾರು ಒಂದು ಬದಿಗೆ ಎಳೆಯುತ್ತದೆ. ಲೋಹದ ತಟ್ಟೆ ಹಾಕಿಸುವುದು ಇದಕ್ಕೆ ಶಾಶ್ವತ ಪರಿಹಾರ. ಜಿ29ರ ಬ್ರೇಕಿನ ಸ್ಪ್ರಿಂಗಿನೊಳಗೆ ಗಟ್ಟಿ ರಬ್ಬರಿನ ತುಂಡೊಂದಿದೆ. ಒತ್ತಿದ್ದಕ್ಕೆ ಬಿಗುವು ಬರಲೆಂದು ಇಟ್ಟದ್ದು. ಅದು ತೀರ ಬಿಗಿ ಎನಿಸಿದವರು ಅದನ್ನು ಕತ್ತರಿಸಿ ಸಣ್ಣದು ಮಾಡುವುದುಂಟು, ಆದರೆ ತೆಗೆದೇ ಬಿಟ್ಟರೆ ಬ್ರೇಕಿನ ಅಳತೆ ಹಿಡಿಯುವುದು ಇನ್ನಷ್ಟು ಕಷ್ಟವಾಗುತ್ತದೆ.

ಸ್ವಂತ ತಯಾರಿಕೆಯ ದಾರಿಯೂ ಇದೆ. ಎಟಿಮೆಗಾ 32ಯು4 ಚಿಪ್ ಇರುವ ಆರ್ಡುಯಿನೊ ಬೋರ್ಡುಗಳು ಕಂಪ್ಯೂಟರಿಗೆ ತಾವೇ ಯುಎಸ್‌ಬಿ ನಿಯಂತ್ರಕವೆಂದು ಪರಿಚಯಿಸಿಕೊಳ್ಳಬಲ್ಲವು. ಅಂಥ ಒಂದು ಬೋರ್ಡು, ಒಂದು ಲೋಡ್ ಸೆಲ್, ಅದರ ಸಣ್ಣ ಸಂಕೇತವನ್ನು ಹಿಗ್ಗಿಸುವ ಎಚ್‌ಎಕ್ಸ್711 ಚಿಪ್ಪಿನ ಬೋರ್ಡು ಇವಿಷ್ಟರಿಂದ ಹಳೆಯ ಪೆಡಲನ್ನು ಬಲ ಅಳೆಯುವ ಬ್ರೇಕಾಗಿ ಮಾರ್ಪಡಿಸಬಹುದು. ಕಾರಿನ ವೈಪರ್ ಮೋಟಾರಿನಿಂದ ಫೋರ್ಸ್ ಫೀಡ್‌ಬ್ಯಾಕ್ ಬೇಸ್ ಕಟ್ಟುವ ಹವ್ಯಾಸಿಗಳೂ ಇದ್ದಾರೆ. ಇದಕ್ಕೆ ಬೇಕಾದ ಎಲೆಕ್ಟ್ರಾನಿಕ್ಸ್ ಎಸ್.ಪಿ. ರಸ್ತೆಯ ಸರಕು, ಮೋಟಾರು ಜೆ.ಸಿ. ರಸ್ತೆಯದು. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗುವುದು ಕಷ್ಟ: ಸೆನ್ಸರ್, ಮೋಟಾರು ನಿಯಂತ್ರಣ, ಯಂತ್ರರಚನೆ ಮೂರನ್ನೂ ಒಟ್ಟಿಗೆ ಕಲಿಸುತ್ತದೆ.

ಬಳಕೆ

ಮನರಂಜನೆ ಮುಖ್ಯ ಬಳಕೆ. ಗ್ರ್ಯಾನ್ ಟುರಿಸ್ಮೊ, ಫೋರ್ಜಾ, ಎಫ್1 ಸರಣಿಗಳು, 2008ರ ಐರೇಸಿಂಗ್, 2014ರ ಅಸೆಟ್ಟೊ ಕೊರ್ಸಾ ಹೆಚ್ಚು ಆಡುವ ಆಟಗಳು. ದೆಹಲಿ ಬಳಿಯ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟ್, ಅಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ಸ್ಪರ್ಧೆ ನಡೆದ ವರ್ಷಗಳಲ್ಲಿ ಎಫ್1 ಆಟದಲ್ಲೂ ಇತ್ತು. ಇಂಥ ಆಟಗಳ ತಯಾರಿಕೆಯಲ್ಲಿ ಬೆಂಗಳೂರಿನ ಪಾಲೂ ಇದೆ: ರಾಜೇಶ್ ರಾವ್ 1997ರಲ್ಲಿ ಇಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆ್ಯಕ್ಟಿವ್ ಫೋರ್ಜಾ ಸರಣಿಗೆ ಚಿತ್ರಕೆಲಸ ಮಾಡಿಕೊಟ್ಟಿದೆ. ಆ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು.

ನಿಜವಾದ ರೇಸ್ ಚಾಲಕರು ಹೊಸ ಟ್ರ್ಯಾಕ್ ಕಲಿಯಲು ಸಿಮ್ಯುಲೇಟರ್ ಬಳಸುತ್ತಾರೆ. ನಿಸಾನ್ ಮತ್ತು ಪ್ಲೇಸ್ಟೇಷನ್ ನಡೆಸಿದ ಜಿಟಿ ಅಕಾಡೆಮಿಯಲ್ಲಿ 2011ರಲ್ಲಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ ಆಟದ ವೀಲಿನಿಂದ ನಿಜವಾದ ರೇಸ್ ಕಾರಿಗೆ ಹೋದವರಲ್ಲಿ ಪ್ರಸಿದ್ಧ. ಬೆಂಗಳೂರಿನಲ್ಲಿ ಹುಟ್ಟಿದ ಅರ್ಜುನ್ ಮೈನಿ ಮತ್ತು ಕುಶ್ ಮೈನಿ ಸೋದರರು ಅಂತರರಾಷ್ಟ್ರೀಯ ಫಾರ್ಮುಲಾ ಸ್ಪರ್ಧೆಗಳಿಗೆ ಏರಿದ ಮೇಲೆ ನಗರದಲ್ಲಿ ಈ ಕ್ರೀಡೆಯತ್ತ ಆಸಕ್ತಿ ಹೆಚ್ಚಿದೆ. ಕಾರ್ಟಿಂಗಿನ ದುಬಾರಿ ಖರ್ಚು ಭರಿಸಲಾಗದ ಮಧ್ಯಮವರ್ಗದ ಮಕ್ಕಳಿಗೆ ಮನೆಯ ವೀಲು ಒಂದು ಒಳದಾರಿ. ಅದು ವೇಗದ ಒತ್ತಡವನ್ನು, ಬೆನ್ನಿಗೆ ತಟ್ಟುವ ಅಲುಗಾಟವನ್ನು ಕಲಿಸಲಾರದು. ಬ್ರೇಕಿನ ಅಳತೆ, ತಿರುವಿನ ಗೆರೆ, ತಾಳ್ಮೆಗಳನ್ನು ಕಲಿಸುತ್ತದೆ.

ಚಾಲನಾ ತರಬೇತಿಯಲ್ಲೂ ಇದೇ ತಂತ್ರವಿದೆ. 2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ನಿಯಮಗಳು ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಬೇಕೆಂದು ವಿಧಿಸಿವೆ.

ಈಗಿನ ಸ್ಥಿತಿ

2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವರ್ಚುವಲ್ ಸರಣಿಯಲ್ಲಿ ಗ್ರ್ಯಾನ್ ಟುರಿಸ್ಮೊ ಸೇರಿತು. ಭಾರತದಲ್ಲಿ 2022ರ ಡಿಸೆಂಬರ್‌ನಲ್ಲಿ ಇ-ಕ್ರೀಡೆಯನ್ನು ಕೇಂದ್ರ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತರಲಾಯಿತು. 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಪ್ರತ್ಯೇಕ ಮಾನ್ಯತೆ ನೀಡಿತು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲೇ ನೀತಿ ಪ್ರಕಟಿಸಿದ ಕರ್ನಾಟಕ, ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ.

ತಯಾರಕರ ಲೋಕ ಬದಲಾಗುತ್ತಿದೆ. ಫನಾಟೆಕ್‌ನ ಮಾತೃಸಂಸ್ಥೆ ಎಂಡೋರ್ ಸಾಲದಲ್ಲಿ ಮುಳುಗಿ, 2024ರಲ್ಲಿ ಫನಾಟೆಕ್ ಅಮೆರಿಕದ ಕೋರ್ಸೇರ್ ಕೈಸೇರಿತು. ಚೀನಾದ ತಯಾರಕರ ಪೈಪೋಟಿಯಿಂದ ಡೈರೆಕ್ಟ್ ಡ್ರೈವ್ ಬೆಲೆ ಇಳಿದು ಗೇರ್, ಬೆಲ್ಟ್ ಮಾದರಿಗಳ ಸಮೀಪಕ್ಕೆ ಬಂದಿದೆ. ಭಾರತದಲ್ಲಿ ಕಂಪನದ ವೀಲು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ದೊಡ್ಡ ಡೈರೆಕ್ಟ್ ಡ್ರೈವ್ ಬೇಸ್, ಲೋಡ್ ಸೆಲ್ ಪೆಡಲು, ಕಾಕ್‌ಪಿಟ್ ಸೇರಿದ ಪೂರ್ಣ ಸೆಟ್ಟು ಲಕ್ಷ ರೂಪಾಯಿ ದಾಟುತ್ತದೆ. ಬಹುಪಾಲು ಮಾದರಿಗಳು ಆಮದಾಗಿ ಬರುವುದರಿಂದ ಸುಂಕ, ಸಾಗಣೆಗಳು ಬೆಲೆಗೆ ಸೇರುತ್ತವೆ, ಬಿಡಿಭಾಗ ತಡವಾಗಿ ಸಿಗುತ್ತದೆ. ಗೇರ್ ಚಾಲಿತ ಜಿ29 ತಂತ್ರಜ್ಞಾನದಲ್ಲಿ ಹಳೆಯದಾದರೂ ಇಲ್ಲಿ ಬೇಡಿಕೆ ಉಳಿಸಿಕೊಂಡಿರುವುದಕ್ಕೆ ಕಾರಣ ಇದೇ: ಅದರ ಬಳಸಿದ ಸೆಟ್ಟುಗಳೂ ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ, ಕೆಟ್ಟರೆ ಬಿಚ್ಚಿ ಸರಿಮಾಡುವ ವಿಧಾನ ಹವ್ಯಾಸಿಗಳಿಗೆ ಚಿರಪರಿಚಿತ.